ಬೆರಳ ಗೆಣ್ಣು ಬಾತವರಿಗೆಲ್ಲ ಒಂದೇ ಪುಡಿಯೇ?

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಮುಗಿಯುತ್ತ ಬಂದಿರುವ ಈ ದಿನಗಳಲ್ಲಿ ನಮ್ಮ ಕಡೆಯ ಅಂಗಳಗಳಲ್ಲಿ ಸುಲಿಯುವ ಕತ್ತಿಯ ಮುಂದೆ ಕುಳಿತ ಹೆಂಗಸರ ನಡುವೆ ತಪ್ಪದೆ ಬರುವ ಮಾತೊಂದಿದೆ: ‘ಬೆರಳು ಬಾತಿದೆ, ವಾತ ಇರಬೇಕು.’ ಕಳೆದ ತಿಂಗಳು ತಮ್ಮ ಪತ್ರಿಕೆಯ ಒಳಪುಟದಲ್ಲಿ ಸೊಟ್ಟಗಾದ ಬೆರಳುಗಳ ಚಿತ್ರದ ಕೆಳಗೆ, ಎಂಥದೇ ಗಂಟುನೋವು, ಬಾವು ಇದ್ದರೂ ನಲವತ್ತು ದಿನಗಳಲ್ಲಿ ಬುಡಸಹಿತ ವಾಸಿ ಮಾಡುವ ಪುಡಿಯ ಜಾಹೀರಾತು ಪ್ರಕಟವಾಗಿತ್ತು. ಅದನ್ನು ಕತ್ತರಿಸಿ ಇಟ್ಟುಕೊಂಡವರು ಒಂದೇ ಅಂಗಳದಲ್ಲಿ ಮೂವರು. ಮೂವರ ಬೆರಳುಗಳನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಮೂವರದೂ ಒಂದೇ ಕಾಯಿಲೆಯಾಗಿರುವ ಸಾಧ್ಯತೆ ಇಲ್ಲ. ನಾನು ವೈದ್ಯೆಯಲ್ಲ, ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಆದರೆ ನನ್ನ ಬೆರಳುಗಳೇ ಬಾತಿವೆ, ಅತ್ತಿಗೆಯ ಕೈ ಹಿಡಿದುಕೊಂಡು ವರ್ಷಗಟ್ಟಲೆ ಆಸ್ಪತ್ರೆ ಸುತ್ತಿದ್ದೇನೆ. ಹಾಗೆ ವೈದ್ಯರನ್ನು ಕೇಳಿ, ಓದಿ ತಿಳಿದುಕೊಂಡುದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ.

ನನ್ನ ಕೈಯಲ್ಲಿ ಬಾತಿರುವುದು ಉಗುರಿಗೆ ಹತ್ತಿರದ ಗೆಣ್ಣುಗಳು. ಗೆಣ್ಣಿನ ಎರಡು ಪಕ್ಕದಲ್ಲೂ ಚರ್ಮದಡಿ ಒಣಗಿದ ಅವರೆಕಾಳು ಹುದುಗಿಸಿಟ್ಟಂತೆ ಗಟ್ಟಿಯಾದ ಉಬ್ಬು. ಒತ್ತಿದರೆ ಮೂಳೆಯೇ ತಾಗುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಬಿಗಿದಿರುತ್ತವೆ, ಒಲೆ ಹೊತ್ತಿಸಿ ಕಾಫಿ ಮಾಡುವಷ್ಟರಲ್ಲಿ ಸಡಿಲವಾಗುತ್ತವೆ. ಇದು ಸವೆತದ ಬಾವು, ವೈದ್ಯರ ಮಾತಿನಲ್ಲಿ ಆಸ್ಟಿಯೋ ಆರ್ಥ್ರೈಟಿಸ್. ಮುಟ್ಟು ನಿಂತ ನಂತರದ ವಯಸ್ಸಿನ ಹೆಂಗಸರಲ್ಲಿ ಹೆಚ್ಚು, ತಾಯಿಯಿಂದ ಮಗಳಿಗೆ ಬರುವುದೂ ಹೆಚ್ಚು. ಅಮ್ಮನ ಬಳೆಗಳ ಜೊತೆಗೆ ಅಮ್ಮನ ಗೆಣ್ಣುಗಳೂ ನನಗೆ ಬಂದವೆಂದು ಮನೆಯಲ್ಲಿ ನಗುತ್ತೇವೆ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡೆನ್ ಈ ಉಬ್ಬುಗಳನ್ನು ಗಮನಿಸಿ, ಇವಕ್ಕೂ ಗೌಟ್ ಕಾಯಿಲೆಗೂ (ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿ, ಅದರ ಹರಳುಗಳು ಕೀಲಿನಲ್ಲಿ ಕೂತು ಬರುವ ಬಾವು) ಸಂಬಂಧವಿಲ್ಲವೆಂದು ಬರೆದಿಟ್ಟಿದ್ದರು. ಅವರು ತೀರಿಕೊಂಡ ಮೇಲೆ, 1802ರಲ್ಲಿ, ಆ ಟಿಪ್ಪಣಿಗಳು ಅಚ್ಚಾದವು. ಇನ್ನೂರು ವರ್ಷ ಕಳೆದರೂ ನಮ್ಮಲ್ಲಿ ಇಂಥ ಗೆಣ್ಣು ಕಂಡೊಡನೆ ‘ಯೂರಿಕ್ ಆಸಿಡ್ ನೋಡಿಸಿ’ ಎನ್ನುವವರೇ ಜಾಸ್ತಿ. ಬಿಸಿನೀರಿನಲ್ಲಿ ಕೈ ಅದ್ದುವುದು, ಮುಲಾಮು, ಬೆರಳಿಗೆ ಹೇಳಿಕೊಟ್ಟ ವ್ಯಾಯಾಮ, ನೋವು ಹೆಚ್ಚಿದ ದಿನ ವೈದ್ಯರು ಬರೆದುಕೊಟ್ಟ ಮಾತ್ರೆ, ಇಷ್ಟರಲ್ಲಿ ನನ್ನದು ನಡೆದುಹೋಗುತ್ತಿದೆ. ಬೆಳೆದ ಉಬ್ಬು ಯಾವ ಪುಡಿಗೂ ಕರಗುವುದಿಲ್ಲ.

ಅತ್ತಿಗೆಯದು ಬೇರೆಯೇ ಕಥೆ. ಅವರಿಗೆ ಆಗ ನಲವತ್ತೆರಡು. ಬಾತದ್ದು ಬೆರಳು ಅಂಗೈಯನ್ನು ಸೇರುವ ಬುಡದ ಗೆಣ್ಣುಗಳು, ನಡು ಗೆಣ್ಣುಗಳು, ಮಣಿಕಟ್ಟು; ಎರಡು ಕೈಯಲ್ಲೂ ಸರಿಸಮನಾಗಿ. ಉಗುರಿನ ಬಳಿಯ ಗೆಣ್ಣು ಮಾತ್ರ ಚೆನ್ನಾಗಿಯೇ ಇತ್ತು. ಮುಷ್ಟಿ ಹಿಡಿದರೆ ಬುಡದ ಗೆಣ್ಣುಗಳ ನಡುವೆ ಎಲ್ಲರಿಗೂ ಕಾಣುವ ತಗ್ಗು ಅವರ ಕೈಯಲ್ಲಿ ತುಂಬಿಹೋಗಿತ್ತು. ಒತ್ತಿದರೆ ಗಟ್ಟಿಯಲ್ಲ, ಹಿಟ್ಟಿನ ಉಂಡೆಯಂತೆ ಮೆತ್ತಗೆ, ಬಿಸಿ. ಬೆಳಿಗ್ಗೆ ಹಸುವಿನ ಕೆಚ್ಚಲಿಗೆ ಕೈ ಹಾಕಿದರೆ ಬೆರಳು ಮಡಚುತ್ತಿರಲಿಲ್ಲ. ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂತರೂ ಹತ್ತು ಗಂಟೆಯವರೆಗೆ ಸೆಡೆತ ಬಿಡುತ್ತಿರಲಿಲ್ಲ. ಇದು ರುಮಟಾಯ್ಡ್ ಆರ್ಥ್ರೈಟಿಸ್, ಅಂದರೆ ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ ಎಂದು ತಿಳಿಯುವ ಹೊತ್ತಿಗೆ ಹನ್ನೊಂದು ತಿಂಗಳು ಕಳೆದಿತ್ತು. ಆ ಹನ್ನೊಂದು ತಿಂಗಳು ಅವರು ತಿಂದದ್ದು, ಯಾರೋ ಹೇಳಿದರೆಂದು ತರಿಸಿಕೊಂಡ, ಹೆಸರಿಲ್ಲದ ಕಾಗದದ ಪೊಟ್ಟಣದ ಪುಡಿ.

ಪುಡಿ ಕೆಲಸ ಮಾಡಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಎರಡೇ ದಿನಕ್ಕೆ ಬಾವು ಇಳಿದು, ಅತ್ತಿಗೆ ಮೊದಲಿನ ಹಾಗೆ ಅಡಿಕೆ ಸುಲಿಯಲು ಕುಳಿತರು. ಮೂರು ತಿಂಗಳಲ್ಲಿ ಮುಖ ದುಂಡಗಾಯಿತು. ‘ಮೈ ಹತ್ತಿದೆ’ ಎಂದು ನೆಂಟರು ಮೆಚ್ಚಿದರು. ಆಮೇಲೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಪೊಟ್ಟಣ ನೋಡಿದ ವೈದ್ಯರು ಇದರಲ್ಲಿ ಬಾವನ್ನು ಬೇಗ ಇಳಿಸುವ ಸ್ಟೀರಾಯ್ಡ್ ಔಷಧ ಬೆರೆಸಿರುವಂತಿದೆ ಎಂದು ಅನುಮಾನಪಟ್ಟರು. ಸ್ಟೀರಾಯ್ಡ್ ತಾನಾಗಿ ವಿಷವಲ್ಲ, ಕೀಲಿನ ತಜ್ಞರೂ ಅಳತೆ ನೋಡಿ ಕೊಡುತ್ತಾರೆ. ಆದರೆ ತಿಳಿಯದೆ ತಿಂಗಳುಗಟ್ಟಲೆ ತಿಂದರೆ ಮೂಳೆ ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ, ಹೆದರಿ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಅಂಥ ಪುಡಿ ತಿನ್ನುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಬಿಸಾಡುವ ಮೊದಲು ಪೊಟ್ಟಣ ಸಮೇತ ವೈದ್ಯರ ಬಳಿ ಹೋಗಬೇಕೆಂದು ಕೋರುತ್ತೇನೆ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ನೋವು ಮುಚ್ಚಿಹೋದರೂ ಕೀಲು ಒಳಗೊಳಗೇ ಸವೆಯುತ್ತಿರುತ್ತದೆ. ರುಮಟಾಯ್ಡ್‌ನಲ್ಲಿ ಮೊದಲ ಕೆಲವು ತಿಂಗಳೇ ಮುಖ್ಯ. ಆಗಲೇ ಚಿಕಿತ್ಸೆ ಹಿಡಿದರೆ ಬೆರಳು ಸೊಟ್ಟಗಾಗುವುದನ್ನು ಬಹುಮಟ್ಟಿಗೆ ತಡೆಯಬಹುದು. ಅತ್ತಿಗೆಯ ಬಲಗೈಯ ಬೆರಳುಗಳು ಈಗ ಕಿರುಬೆರಳಿನ ಕಡೆಗೆ ವಾಲಿವೆ. ಕಾಯಿಲೆಯನ್ನು ಹತೋಟಿಯಲ್ಲಿಡುವ ಮೆಥೋಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ, ಅದರ ಅಡ್ಡಪರಿಣಾಮ ತಗ್ಗಿಸಲು ಫೋಲಿಕ್ ಆಸಿಡ್, ಆಗಾಗ ರಕ್ತಪರೀಕ್ಷೆ. ನೋವು ಹತೋಟಿಯಲ್ಲಿದೆ, ವಾಲಿದ ಬೆರಳು ನೆಟ್ಟಗಾಗಲಿಲ್ಲ. (ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ ನಾವು ಮನೆಯ ಕ್ಯಾಲೆಂಡರಿನಲ್ಲಿ ಭಾನುವಾರಗಳಿಗೆ ಕೆಂಪು ಸುತ್ತು ಹಾಕಿಟ್ಟಿದ್ದೇವೆ.)

ಪರೀಕ್ಷೆಯ ವಿಷಯದಲ್ಲೂ ಒಂದು ಮಾತು. ಈ ಕಾಯಿಲೆಗೆಂದು ಮಾಡಿಸುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ರಕ್ತಪರೀಕ್ಷೆ ‘ನೆಗೆಟಿವ್’ ಎಂಬ ಚೀಟಿ ಹಿಡಿದು ಅತ್ತಿಗೆ ಆರಂಭದಲ್ಲಿಯೇ ಸಮಾಧಾನಪಟ್ಟುಕೊಂಡಿದ್ದರು. ಆ ಕಾಯಿಲೆ ಇದ್ದವರಲ್ಲೂ ಕೆಲವರಿಗೆ ಅದು ನೆಗೆಟಿವ್ ಬರುತ್ತದೆ, ಕಾಯಿಲೆಯಿಲ್ಲದ ವಯಸ್ಸಾದವರಲ್ಲಿ ಪಾಸಿಟಿವ್ ಬರುವುದೂ ಉಂಟು. ಮೊದಮೊದಲು ಎಕ್ಸ್‌ರೇ ಕೂಡ ಸರಿಯಾಗಿಯೇ ಕಾಣುತ್ತದೆ. ಚೀಟಿಗಿಂತ ಮೊದಲು ಕೈಯನ್ನು ಮುಟ್ಟಿ ನೋಡುವ ವೈದ್ಯರು ಬೇಕು.

ಆ ಅಂಗಳದ ಮೂವರಲ್ಲಿ ಹಿರಿಯರದು ನನ್ನಂಥದೇ ಗಟ್ಟಿ ಗೆಣ್ಣು. ಎರಡನೆಯವರಿಗೆ ಮಳೆಗಾಲದಲ್ಲಿ ಚಿಕುನ್‌ಗುನ್ಯಾ ಬಂದುಹೋಗಿತ್ತು. ಜ್ವರ ವಾರದಲ್ಲಿ ಬಿಟ್ಟರೂ ಬೆರಳು, ಮಣಿಕಟ್ಟು, ಕಾಲಿನ ಹರಡಿನ ಬಾವು ತಿಂಗಳುಗಳ ಮೇಲೂ ಉಳಿದಿದೆ. 2006ರಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳಾದಾಗ ಗೋಡೆ ಹಿಡಿದು ನಡೆದವರನ್ನು ಎಲ್ಲ ಊರಿನವರೂ ಕಂಡಿದ್ದಾರೆ. ಹೆಚ್ಚಿನವರಿಗೆ ಅದು ಕಾಲಕ್ರಮದಲ್ಲಿ ತಾನೇ ಇಳಿಯುತ್ತದೆ. ಅಂಥವರು ಪುಡಿ ತಿಂದಿದ್ದರೆ ಯಶಸ್ಸೆಲ್ಲ ಪುಡಿಯದಾಗುತ್ತದೆ, ಮುಂದಿನ ಜಾಹೀರಾತಿಗೆ ಒಬ್ಬ ಸಾಕ್ಷಿಯೂ ಸಿಕ್ಕಂತಾಗುತ್ತದೆ. ಮೂರನೆಯವರು ಮೂವತ್ತರ ಆಸುಪಾಸಿನ ತಾಯಿ. ಅವರದು ಮೆತ್ತನೆಯ ಬಾವು, ಬೆಳಗಿನ ಸೆಡೆತ ಒಂದು ಗಂಟೆಗೂ ಮೀರಿ ಇರುತ್ತದೆ. ನನ್ನ ಚಿಂತೆಯೆಲ್ಲ ಅವರದೇ.

ಯೂರಿಕ್ ಆಸಿಡ್ ಹೆಸರಿನಲ್ಲಿ ತೊಗರಿಬೇಳೆ, ಟೊಮೆಟೊ ಬಿಟ್ಟು ಸಾರಿಲ್ಲದೆ ಅನ್ನ ಉಣ್ಣುವ ಎಷ್ಟೋ ಜನರನ್ನು ನಾನು ಬಲ್ಲೆ. ಗೌಟ್ ಸಾಮಾನ್ಯವಾಗಿ ಮೊದಲು ಹಿಡಿಯುವುದು ಕಾಲಿನ ಹೆಬ್ಬೆರಳ ಬುಡವನ್ನು, ಅದೂ ರಾತ್ರೋರಾತ್ರಿ, ಹೊದಿಕೆ ತಾಗಿದರೂ ಚೀರುವಷ್ಟು ನೋವಿನಿಂದ. ಕೈಬೆರಳಿಗೆ ಬರುವುದು ಬಹುತೇಕ ವರ್ಷಗಳ ನಂತರ. ರಕ್ತದಲ್ಲಿ ಅಂಕಿ ತುಸು ಹೆಚ್ಚಿದ್ದ ಮಾತ್ರಕ್ಕೆ ಗೌಟ್ ಆಗುವುದಿಲ್ಲ. ಬೆರಳಿಡೀ ಬಾಳೆಕಾಯಿಯ ಹಾಗೆ ಊದಿ, ಉಗುರಿನಲ್ಲಿ ಸೂಜಿ ಚುಚ್ಚಿದಂಥ ಕುಳಿಗಳಿದ್ದರೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆಗೆ ಸೇರಿದ ಕೀಲುಬಾವು ಇರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಬೆರಳು ಮಡಚಿದಲ್ಲೇ ಸಿಕ್ಕಿಕೊಂಡು ‘ಟಕ್’ ಎಂದು ಬಿಡಿಸಿಕೊಳ್ಳುವುದು ಗೆಣ್ಣಿನ ದೋಷವಲ್ಲ, ಸ್ನಾಯುರಜ್ಜುವಿನ ಹೊದಿಕೆಯದು. ಮುಳ್ಳು ಚುಚ್ಚಿ ಅಥವಾ ಕತ್ತಿ ತಾಗಿ ಒಂದೇ ಗೆಣ್ಣು ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಅದು ಕೀವು. ಅದಕ್ಕೆ ಅರಿಶಿನ ಮೆತ್ತಿ ಕಾಯುವಂತಿಲ್ಲ, ಉಂಗುರ ತೆಗೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಾವಿನ ಜೊತೆ ಚರ್ಮದಲ್ಲಿ ಸ್ಪರ್ಶವಿಲ್ಲದ ಮಚ್ಚೆಗಳಿದ್ದರೆ ಕುಷ್ಠರೋಗದ ಪರೀಕ್ಷೆಯನ್ನೂ ಮರೆಯಬಾರದು.

ನಮ್ಮ ತಾಲ್ಲೂಕಿನಲ್ಲಿ ಕೀಲುಬಾವು ಎಂದೊಡನೆ ಹಿರಿಯರಿಗೆ, ಇಲ್ಲಿಯದೇ ಒಂದು ಊರಿನ ಹೆಸರು ಹೊತ್ತ ಹಂದಿಗೋಡು ಕಾಯಿಲೆಯ ನೆನಪಾಗುತ್ತದೆ. 1970ರ ದಶಕದ ನಡುಭಾಗದಲ್ಲಿ ಬೆಳಕಿಗೆ ಬಂದ ಅದು ಮುಖ್ಯವಾಗಿ ಸೊಂಟದ ಮತ್ತು ಮೊಣಕಾಲಿನ ಕೀಲುಗಳನ್ನು ಹಿಡಿಯುವಂಥದು. ಬೆರಳ ಗೆಣ್ಣು ಬಾತವರು ಆ ಹೆಸರಿಗೆ ಅಂಜಬೇಕಾಗಿಲ್ಲ. ಹಾಗೆಯೇ, ನೆಟಿಕೆ ಮುರಿದರೆ ಗೆಣ್ಣು ಊದುತ್ತದೆಂದು ಮಕ್ಕಳನ್ನು ಗದರುವುದನ್ನು ನಾನು ಬಿಟ್ಟಿದ್ದೇನೆ. ಅಮೆರಿಕದ ಡೊನಾಲ್ಡ್ ಅಂಗರ್ ಎಂಬ ವೈದ್ಯರು ಐವತ್ತು ವರ್ಷ ಎಡಗೈಯ ನೆಟಿಕೆಯನ್ನು ಮಾತ್ರ ದಿನವೂ ಮುರಿದು, ಎರಡು ಕೈಗೂ ವ್ಯತ್ಯಾಸ ಕಾಣಲಿಲ್ಲವೆಂದು 1998ರಲ್ಲಿ ಬರೆದರು. ಅದೂ ಒಂದು ವೈದ್ಯಕೀಯ ಪತ್ರಿಕೆಯ ಸಂಪಾದಕರಿಗೆ ಬರೆದ ಪತ್ರವೇ. ಒಬ್ಬರ ಕೈ ಪ್ರಮಾಣವಲ್ಲ, ನಿಜ. ವರ್ಷಗಟ್ಟಲೆ ಬೆರಳಿಗೆ ಬಲ ಬೀಳುವ ಸುಲಿತದಂಥ ಕೆಲಸ ಸವೆತವನ್ನು ಹೆಚ್ಚಿಸಬಹುದು. ಆದರೆ ಅತ್ತಿಗೆಯಂಥವರ ಕಾಯಿಲೆ ದುಡಿದದ್ದರಿಂದ ಬಂದದ್ದಲ್ಲ, ವಿಶ್ರಾಂತಿಯೊಂದರಿಂದ ಹೋಗುವುದೂ ಇಲ್ಲ.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯು, ವಾಸಿ ಮಾಡುತ್ತೇವೆಂದು ಜಾಹೀರಾತು ನೀಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಸಂಧಿವಾತವನ್ನೂ ಸೇರಿಸಿದೆ. ಅಂಥ ಜಾಹೀರಾತನ್ನು ಪ್ರಕಟಿಸುವುದರಲ್ಲಿ ಯಾರೂ ಪಾಲುಗೊಳ್ಳಬಾರದು ಎನ್ನುತ್ತದೆ. ಜಾಹೀರಾತಿಗೆ ಪತ್ರಿಕೆ ಹೊಣೆಯಲ್ಲ ಎಂಬ ಸಣ್ಣಕ್ಷರದ ಸಾಲನ್ನು ನಾನೂ ಓದಿದ್ದೇನೆ, ಆದರೆ ನಮ್ಮಲ್ಲಿ ಅಚ್ಚಾದದ್ದನ್ನು ನಂಬುವವರೇ ಹೆಚ್ಚು. ಆ ಪುಡಿಯ ಜಾಹೀರಾತನ್ನು ದಯವಿಟ್ಟು ನಿಲ್ಲಿಸಬೇಕು. ಅಷ್ಟೇ ಜಾಗದಲ್ಲಿ, ಯಾವ ಗೆಣ್ಣು ಬಾತಿದೆ, ಗಟ್ಟಿಯೋ ಮೆತ್ತಗೋ, ಬೆಳಿಗ್ಗೆ ಎಷ್ಟು ಹೊತ್ತು ಸೆಡೆತ, ಒಂದು ಕೈಯೋ ಎರಡೂ ಕೈಯೋ ಎಂಬುದನ್ನು ಬರೆದುಕೊಂಡು ವೈದ್ಯರಲ್ಲಿಗೆ ಹೋಗುವಂತೆ ತಿಳಿಸುವ ನಾಲ್ಕು ಸಾಲುಗಳನ್ನು ಕೀಲುತಜ್ಞರೊಬ್ಬರಿಂದ ಬರೆಸಿ ಹಾಕಿದರೆ ನಮ್ಮಂಥ ಊರುಗಳಿಗೆ ಉಪಕಾರವಾಗುತ್ತದೆ.

ಕತ್ತರಿಸಿಟ್ಟುಕೊಂಡ ಜಾಹೀರಾತಿನ ತುಣುಕುಗಳಲ್ಲಿ ಎರಡನ್ನು ಅವರಿಂದ ಪಡೆದು ಈ ಪತ್ರಕ್ಕೆ ಲಗತ್ತಿಸಿದ್ದೇನೆ. ಮೂರನೆಯದನ್ನು ಆ ತಾಯಿ ಇನ್ನೂ ಕೊಟ್ಟಿಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಸಾಗರ ತಾಲ್ಲೂಕು