ಟೂಲ್ ಕಿಟ್‌ನಲ್ಲಿಟ್ಟ ಕಾಗದ

ಪುಟ್ಟಿ,

ಈ ಕಾಗದ ಸಿಕ್ಕಿದೆ ಅಂದರೆ ನೀನು ಟೂಲ್ ಕಿಟ್ ಬಿಚ್ಚಿದ್ದೀಯ. ಗಾಡಿ ಕೆಟ್ಟು ಬಿಚ್ಚಿದ್ದಲ್ಲ ಅಂದುಕೊಂಡಿದ್ದೇನೆ. ಬೆಳಗಿನ ಜಾವ ನಾಲ್ಕಕ್ಕೆ ಬೈಕಿನಲ್ಲಿ ಲಡಾಖಿಗೆ ಹೊರಡುತ್ತೀಯ, ಈಗ ಹನ್ನೊಂದೂವರೆ. ಊಟದ ಹೊತ್ತಲ್ಲಿ ನಾವಿಬ್ಬರೂ ಆಡಿದ್ದನ್ನು ಮತ್ತೆ ಬರೆಯಲ್ಲ. ಅಮ್ಮ ಇನ್ನೂ ನನ್ನ ಜೊತೆ ಮಾತು ಬಿಟ್ಟೇ ಇದ್ದಾಳೆ.

ಚಾರ್ಮಾಡಿ ಕಥೆ ನೂರು ಸಲ ಹೇಳಿದ್ದೇನೆ. ನಿನಗಾಗ 4 ವರ್ಷ. ಅಂಗಡಿಯವನು ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿ ಮೋಸ ಮಾಡಿದ ಅಂತಲೇ ಹೇಳುತ್ತಾ ಬಂದೆ. ಅದು ಪೂರ್ತಿ ನಿಜ ಅಲ್ಲ. ಉಜಿರೆಯ ಬಂಕಿನಲ್ಲಿ ಸಾಲಿತ್ತು, ನಿಲ್ಲೋಕೆ ಬೇಜಾರಾಗಿ ಮುಂದೆ ಬಂದೆ. ಘಾಟಿಯ ಬುಡದಲ್ಲಿ ಅವನು ಬಾಟಲಿ ಬಿರಡೆ ತೆಗೆದಾಗಲೇ ವಾಸನೆ ಬಂತು. ಅಮ್ಮ "ಬೇಡ ಕಣ್ರೀ" ಅಂದಳು. "ನಿಂಗೇನೂ ಗೊತ್ತಾಗಲ್ಲ, ಸುಮ್ನಿರು" ಅಂದೆ. ಇವತ್ತು ನಿನಗೆ ಅಂದಿದ್ದೂ ಅದನ್ನೇ, ಅಲ್ವಾ.

ನಾಲ್ಕನೇ ತಿರುವು ದಾಟುವಷ್ಟರಲ್ಲಿ ಬಿಳಿ ಹೊಗೆ, ಆಮೇಲೆ ಎಂಜಿನ್ ಸ್ತಬ್ಧ. ಮಳೆ, ಮಂಜು, ಪ್ಲಗ್ ಬಿಚ್ಚಿದರೆ ಕರ್ರಗೆ ಮಸಿ. ಒಂದು ಲಾರಿ ಬಂತು. ನಿಮ್ಮಿಬ್ಬರನ್ನು ಹತ್ತಿಸಿ ಕೊಟ್ಟಿಗೆಹಾರದಲ್ಲಿ ಇಳಿಸಿ ಅಂದೆ, ನಾನು ಗಾಡಿ ಕಾಯುತ್ತಾ ನಿಂತೆ. ಗಾಡಿ ಕಾಯೋಕೆ! ಲಾರಿ ಹೊರಟ ಮೇಲೆ ಅದರ ನಂಬರನ್ನು ಪ್ಲಗ್ಗಿನ ಮಸಿಯಲ್ಲೇ ಅಂಗೈ ಮೇಲೆ ಬರೆದುಕೊಂಡೆ. ಮಳೆಗೆ ಅಳಿಸಿಹೋಗುತ್ತೆ ಅಂತ ಮುಷ್ಟಿ ಬಿಗಿಹಿಡಿದೆ. ಮತ್ತೆ ಅಳಿಸಿತೇನೋ ಅಂತ ತೆಗೆದು ನೋಡಿದೆ, ನೋಡೋಕೆ ಅಂತ ತೆಗೆದಾಗಲೇ ಅಳಿಸಿತು. ಕೊನೆಯ ಎರಡು ಅಂಕಿ ಮಾತ್ರ ಉಳಿದವು, ಅವನ್ನೇ ಬಾಯಲ್ಲಿ ಹೇಳಿಕೊಳ್ಳುತ್ತಾ ಎರಡು ಗಂಟೆ ನಿಂತಿದ್ದೆ. ಆ ಡ್ರೈವರ್ ದೇವರಂಥವನು. ನಾನು ಬರುವಷ್ಟರಲ್ಲಿ ನೀನು ಹೋಟೆಲಿನಲ್ಲಿ ಬನ್ ತಿನ್ನುತ್ತಾ ಕೂತಿದ್ದೆ. ಆದರೂ ಆ ಎರಡು ಗಂಟೆ ನನಗೆ ಇನ್ನೂ ಮುಗಿದಿಲ್ಲ.

ಹಾಗಾಗಿ ಪೆಟ್ರೋಲಿನ ಬಗ್ಗೆ ಸ್ವಲ್ಪ ಕೇಳು. ಮೇಷ್ಟ್ರು ಬುದ್ಧಿ, ಬೈಕೊಂಡೇ ಓದು. ಮನಾಲಿ ಬಿಟ್ಟು ಅಟಲ್ ಸುರಂಗ ದಾಟಿದ ಮೇಲೆ ತಾಂಡಿಯ ಬಂಕ್ ಸಿಗುತ್ತೆ. ಮುಂದಿನ ಬಂಕ್ 365 ಕಿಲೋಮೀಟರ್ ಅಂತ ಅಲ್ಲಿನ ಬೋರ್ಡೇ ಹೇಳುತ್ತೆ. ಲೇಹ್‌ಗೆ ಸ್ವಲ್ಪ ಮೊದಲು ಕಾರು ಅಂತ ಊರಿದೆ, ಅಲ್ಲಿ ಸಿಗುತ್ತೆ, ಆದರೆ ಅದನ್ನು ನಂಬಿಕೊಂಡು ಹೊರಡಬೇಡ. ನಿನ್ನ ಹಿಮಾಲಯನ್ ಬೈಕಿನ ಟ್ಯಾಂಕು 15 ಲೀಟರ್. ಲಗೇಜು, ಏರು ಎಲ್ಲ ಸೇರಿ ಲೀಟರಿಗೆ 25 ಕಿಲೋಮೀಟರ್ ಕೊಟ್ಟರೆ 375 ಆಯಿತು. ಕೈಯಲ್ಲಿ ಉಳಿಯುವುದು 10 ಕಿಲೋಮೀಟರ್! ಕಟ್ಟಿಟ್ಟಿರುವ 5 ಲೀಟರ್ ಕ್ಯಾನನ್ನೂ ತಾಂಡಿಯಲ್ಲೇ ತುಂಬಿಸು. ಟ್ಯಾಂಕರ್ ಬಂದು ಇಳಿಸುತ್ತಿದ್ದರೆ ಒಂದು ಟೀ ಕುಡಿದು ಕಾಯಿ, ಆಗ ತಳದ ಕಸ, ನೀರು ಕದಡಿರುತ್ತೆ.

ದಾರಿಯಲ್ಲಿ ಸರ್ಚು, ಪಾಂಗ್ ಕಡೆ ಟೆಂಟುಗಳಲ್ಲಿ ಬಾಟಲಿಯಲ್ಲಿ ಮಾರುತ್ತಾರೆ. ಎಲ್ಲರೂ ಮೋಸಗಾರರಲ್ಲ, ಅಷ್ಟು ಮೇಲಕ್ಕೆ ಹೊತ್ತು ತಂದಿರುತ್ತಾರೆ ಪಾಪ. ತೀರಾ ಬೇಕಾದರೆ ಮಾತ್ರ ತಗೋ. ಒಳಗಿನದು ಕಾಣುವ ಬಾಟಲಿಗೆ ಸುರಿದು ಐದು ನಿಮಿಷ ಅಲ್ಲಾಡಿಸದೆ ಇಡು, ತಳದಲ್ಲಿ ಪದರ ಕಂಡರೆ ನೀರು. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತೆ, ಅದು ನೀರು ಹೀರುತ್ತೆ. ನೀರು ಜಾಸ್ತಿಯಾದರೆ ಎರಡೂ ಸೇರಿ ತಳಕ್ಕೆ ಕೂರುತ್ತವೆ, ನಿನ್ನ ಫ್ಯೂಯೆಲ್ ಪಂಪ್ ಎಳೆಯೋದು ತಳದಿಂದಲೇ. ಫಿಲ್ಟರ್ ಪೇಪರ್ ಹತ್ತು ಇಟ್ಟಿದ್ದೇನೆ. ಒಂದು ಹನಿ ಹಾಕು, ಒಳ್ಳೆಯದಾದರೆ ಗುರುತಿಲ್ಲದೆ ಆರುತ್ತೆ, ಸೀಮೆಎಣ್ಣೆ ಇದ್ದರೆ ಜಿಡ್ಡಿನ ಕಲೆ ಉಳಿಯುತ್ತೆ. ಬಂಕಿನಲ್ಲಿ ಕೇಳಿದರೆ ಅವರೂ ಕೊಡಲೇಬೇಕು, ನಾಚಿಕೊಳ್ಳಬೇಡ. ಟ್ಯಾಂಕ್ ಅರ್ಧ ಇರುವಾಗಲೇ ಸ್ವಲ್ಪ ಸ್ವಲ್ಪ ಬೆರೆಸು, ಖಾಲಿ ಟ್ಯಾಂಕಿಗೆ ಬಾಟಲಿ ಸುರಿಯಬೇಡ. ತಂಗ್ಲಾಂಗ್ ಲಾ ಅನ್ನೋ ಘಾಟಿ 17,000 ಅಡಿಗೂ ಮೇಲಿದೆ, ಅಲ್ಲಿ ಗಾಡಿ ಏದುಸಿರು ಬಿಟ್ಟರೆ ಅದು ಗಾಳಿ ತೆಳುವಾಗಿದ್ದಕ್ಕೆ, ಪೆಟ್ರೋಲನ್ನು ಬೈಯಬೇಡ.

ಆಯ್ತು, ಪಾಠ ಜಾಸ್ತಿಯಾಯಿತು. ಇದೆಲ್ಲ ನಿನಗೆ ಗೊತ್ತಿರಬಹುದು. ಸಂಜೆ ನೀನು ಚೈನ್ ಟೈಟ್ ಮಾಡುವುದನ್ನು ಕಿಟಕಿಯಿಂದ ನೋಡಿದೆ. ನಾನು ಮಾಡುವುದಕ್ಕಿಂತ ಚೆನ್ನಾಗಿತ್ತು. ಆಗಲೇ ಹೊರಗೆ ಬಂದು ಹೇಳಬಹುದಿತ್ತು.

ಲಡಾಖಿನಲ್ಲಿ ನಿನ್ನ ಪ್ರೀಪೇಯ್ಡ್ ಸಿಮ್ ನಡೆಯಲ್ಲ. ತಾಂಡಿಯಿಂದಲೇ ಒಂದು ಫೋನ್ ಮಾಡು. ನನಗೆ ಬೇಡ, ಅಮ್ಮನಿಗೆ ಮಾಡು. ನಾನು ಪಕ್ಕದಲ್ಲೇ ಇರುತ್ತೇನೆ.

ಅಪ್ಪ