ಶಿಬಿರ ಬೇಕು, ಚಿತ್ರಸ್ಪರ್ಧೆ ಸಾಲದು

ಮಾನ್ಯರೇ,

ಪ್ರೌಢಶಾಲೆಗಳಲ್ಲಿ ಬಾಲ್ಯವಿವಾಹ, ವ್ಯಸನದ ಕುರಿತು ಚಿತ್ರಸ್ಪರ್ಧೆ ನಡೆಸಿ ಕೈತೊಳೆದುಕೊಂಡರೆ ಸಾಲದು. ಬಹುಮಾನವಿದ್ದರೆ ಮಕ್ಕಳು ಗೆಲ್ಲುವ ಚಿತ್ರವನ್ನಷ್ಟೇ ಬರೆಯುತ್ತಾರೆ, ಮನೆಯ ಸಂಗತಿ ಒಳಗೇ ಉಳಿಯುತ್ತದೆ.

ವಾರಕ್ಕೆ ಒಂದೂವರೆ ತಾಸಿನಂತೆ 6 ವಾರ, 20 ಮಕ್ಕಳ ಚಿತ್ರ–ನಾಟಕ ಶಿಬಿರ ಸಾಕು. ಮೊದಲ ದಿನವೇ ‘ನಿನ್ನ ಸಮಸ್ಯೆ ಬರೆ’ ಎಂದರೆ ಮಗು ಮುದುಡಿಕೊಳ್ಳುತ್ತದೆ. ಐದೈದು ಮಕ್ಕಳಿಗೆ ಒಂದು ದೊಡ್ಡ ಹಾಳೆ ಕೊಟ್ಟು ಊರಿನ ನಕ್ಷೆ ಬರೆಸಿ. ನೆಮ್ಮದಿಯ ಜಾಗಕ್ಕೆ ಹಸಿರು, ಅಂಜಿಕೆಯ ಜಾಗಕ್ಕೆ ಕೆಂಪು ಬಣ್ಣ. ಹುಡುಗ ಹುಡುಗಿಯರಿಗೆ ಹಾಳೆ ಬೇರೆ ಬೇರೆ ಇರಲಿ. ಬಸ್ ನಿಲ್ದಾಣದ ಹಿಂದಿನ ಓಣಿ ಒಂದರಲ್ಲಿ ಹಸಿರು, ಇನ್ನೊಂದರಲ್ಲಿ ಕೆಂಪಾದರೆ ಮಾತು ತಾನಾಗಿ ಶುರುವಾಗುತ್ತದೆ.

ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟದ ಸೀಮೆ ನಮ್ಮದು; ಶಿಬಿರದಲ್ಲಿ ಮಕ್ಕಳಿಂದ ಆಟವನ್ನೂ ಆಡಿಸಿ. ಆಟ ನಡೆಸಿಕೊಡುವ ಭಾಗವತನಂತೆ ಒಬ್ಬರು ನಿಂತು, ಕನ್ಯೆ ನೋಡಲು ಬಂದ ದೃಶ್ಯವನ್ನು ನಡುವೆಯೇ ತಡೆದು, ‘ಈಗ ಹುಡುಗಿ ಯಾರಿಗೆ ಹೇಳಬೇಕು?’ ಎಂದು ಕೇಳಲಿ. ಮಕ್ಕಳ ಸಹಾಯವಾಣಿ 1098 ಅಲ್ಲಿ ಸಹಜವಾಗಿ ಬರುತ್ತದೆ. ಅದೇ ಸಂಕಟದಲ್ಲಿರುವ ಮಗುವಿಗೆ ಮಾತ್ರ ಆ ಹುಡುಗಿಯ ಪಾತ್ರ ಬೇಡವೇ ಬೇಡ.

ಹೆಸರು ಬರೆದ ಚಿತ್ರಗಳನ್ನು ಪಾಲಕರ ಸಭೆಯಲ್ಲಿ ತೂಗುಹಾಕಬೇಡಿ. ಮನೆಯಲ್ಲಿ ಏಟು ತಿನ್ನುವುದು ಮಗು. ಶಿಕ್ಷಣ ಇಲಾಖೆ ಈ ವರ್ಷವೇ ತಾಲ್ಲೂಕಿಗೊಂದು ಶಾಲೆಯಲ್ಲಾದರೂ ಇದನ್ನು ಆರಂಭಿಸಲಿ.

– ಚಿತ್ರಕಲಾ ಶಿಕ್ಷಕರು, ಬಾಗಲಕೋಟೆ