ಹಸಿವು ಸುಮ್ಮನಿರುವ ಈ ವರ್ಷದಲ್ಲಿ

ಚಿರಂಜೀವಿ ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

"ಹಸಿವೇ ಆಗುವುದಿಲ್ಲ ದೊಡ್ಡಮ್ಮ, ಊಟದ ನೆನಪೇ ಬರುವುದಿಲ್ಲ, ಇನ್ನು ನನಗೆ ಚಿಂತೆಯೇ ಇಲ್ಲ" ಎಂದು ನೀನು ಮೊನ್ನೆ ಫೋನಿನಲ್ಲಿ ಹೇಳಿದೆ. ನಿನ್ನ ದನಿಯಲ್ಲಿದ್ದ ಹುರುಪು ಕೇಳಿ ಮನಸ್ಸು ತುಂಬಿ ಬಂತು. ಆದರೆ ಆ ಕೊನೆಯ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ, ಬರೆದದ್ದು ಕೈಯಲ್ಲಿ ಉಳಿಯುತ್ತದೆ ಎಂದು ಈ ಪತ್ರ. ಆಸ್ಪತ್ರೆಯಲ್ಲಿ ಆಹಾರ ತಜ್ಞೆಯಾಗಿ ವೃತ್ತಿಜೀವನ ಕಳೆದವಳು ನಾನು. ತೂಕ ಇಳಿಸಲು ನಿನ್ನಂತೆ ಗ್ಯಾಸ್ಟ್ರಿಕ್ ಬೈಪಾಸ್ ಎಂಬ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಮೊದಲ ವರ್ಷ ಹೇಗೆ ಉಣ್ಣುತ್ತಾರೆ, ಮೂರನೆಯ ವರ್ಷದ ಹೊತ್ತಿಗೆ ಹೇಗೆ ಉಣ್ಣುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ.

ಬೈಪಾಸ್‌ನಲ್ಲಿ ನಿನ್ನ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವೊಂದನ್ನು ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸಿದ್ದಾರೆ. ತಿಂದದ್ದು ಬೇಗನೆ ಕರುಳು ಸೇರುವುದರಿಂದ, "ಸಾಕು" ಎಂದು ಮೆದುಳಿಗೆ ತಿಳಿಸುವ ಹಾರ್ಮೋನುಗಳು ಮೊದಲಿಗಿಂತ ಹೆಚ್ಚು ಹೊರಡುತ್ತವೆ. ನಿನ್ನ ಸಕ್ಕರೆ ಕಾಯಿಲೆ ಇಷ್ಟು ಬೇಗ ಹತೋಟಿಗೆ ಬಂದದ್ದಕ್ಕೂ ಇದು ಒಂದು ಕಾರಣ. ಹಸಿವು ಈಗ ಅಡಗಿದೆ, ಹೋಗಿಲ್ಲ. ತಿಂಗಳುಗಳು ಉರುಳಿದಂತೆ ಮರಳಿ ಬರುತ್ತದೆ, ಚೀಲವೂ ತುಸು ಹಿಗ್ಗುತ್ತದೆ. ಒಂದೆರಡು ವರ್ಷಗಳಲ್ಲಿ ತೂಕ ಇಳಿಯುವುದು ನಿಲ್ಲುತ್ತದೆ. ಆಗ ನಿನ್ನನ್ನು ಕಾಯುವುದು ಈಗ ರೂಢಿ ಮಾಡಿಕೊಂಡ ಊಟದ ಕ್ರಮ ಒಂದೇ. ಹಸಿವಿನ ಕಾಟವಿಲ್ಲದೆ ಊಟ ಮಾಡುವುದನ್ನು ಹೊಸದಾಗಿ ಕಲಿಯಲು ಇಂತಹ ಸಮಯ ಮತ್ತೆ ಸಿಗುವುದಿಲ್ಲ.

ನಮ್ಮ ಮನೆಯ ಊಟ ನಿನಗೆ ಗೊತ್ತೇ ಇದೆ. ಮಂಡ್ಯದ ಮಕ್ಕಳಿಗೆ ಮಾತು ಬರುವ ಮೊದಲೇ ಮುದ್ದೆ ಮುರಿಯಲು ಬರುತ್ತದೆ. "ಮುದ್ದೆ ಅಗಿಯಬಾರದು, ನುಂಗಬೇಕು" ಎಂದು ನಿನ್ನ ತಾತ ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟದ್ದು. ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿ, ಗಂಟಲಿಗೆ ಇಳಿಸುವುದು. ಆ ನುಂಗುವ ರೂಢಿಯೇ ಈಗ ನಿನಗೆ ಅಪಾಯ. ಚೀಲವೂ ಕರುಳೂ ಸೇರುವ ಬಾಯಿಯ ಅಗಲ ಸುಮಾರು ಒಂದೂವರೆ ಸೆಂಟಿಮೀಟರ್. ಅಂಟಂಟಾದ ತುತ್ತು ಅಗಿಯದೆ ಇಳಿದರೆ ಅಲ್ಲೇ ಕೂರುತ್ತದೆ. ಎದೆಯ ಮಧ್ಯೆ ಒತ್ತಿ ಹಿಡಿದಂತಾಗುತ್ತದೆ, ಬಾಯಿ ತುಂಬ ನೊರೆ ನೊರೆಯಾಗಿ ಜೊಲ್ಲು ಬರುತ್ತದೆ, ಕೊನೆಗೆ ವಾಂತಿ. ನಿಮ್ಮ ಆಸ್ಪತ್ರೆಯ ಆಹಾರ ತಜ್ಞರು ಒಪ್ಪುವವರೆಗೆ ಮುದ್ದೆ ಬೇಡ. ಒಪ್ಪಿದ ಮೇಲೂ ಉಗುರಿನಷ್ಟು ಮುರಿದು, ಬಾಯಲ್ಲಿ ನೀರಾಗುವವರೆಗೆ ಅಗಿದು ತಿನ್ನು. ರಾಗಿಯ ಮೇಲೆ ನನಗೆ ಮುನಿಸಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಷ್ಟು ಕೊಡುವ ಧಾನ್ಯ ನಮ್ಮಲ್ಲಿ ಇನ್ನೊಂದಿಲ್ಲ. ತೊಂದರೆ ಇರುವುದು ನಾವು ಅದನ್ನು ಉಣ್ಣುವ ರೀತಿಯಲ್ಲಿ. ಬಿಸಿ ಅನ್ನ, ಮೆತ್ತನೆಯ ಬ್ರೆಡ್, ದೋಸೆ ಕೂಡ ಹಾಗೆಯೇ ಸಿಕ್ಕಿಕೊಳ್ಳುತ್ತವೆ ಎಂಬುದು ನೆನಪಿರಲಿ.

ತುತ್ತು ಚಿಕ್ಕದಿರಲಿ. ಇಪ್ಪತ್ತು ಇಪ್ಪತ್ತೈದು ಬಾರಿ ಅಗಿ. ನುಂಗಿದ ಮೇಲೆ ಕೈಯನ್ನು ತಟ್ಟೆಯಿಂದ ಎತ್ತಿ ತೊಡೆಯ ಮೇಲಿಡು. ಮುಂದಿನ ತುತ್ತು ಕೈಯಲ್ಲಿ ಸಿದ್ಧವಾಗಿದ್ದರೆ ಬಾಯೊಳಗಿನ ತುತ್ತಿಗೆ ಮರ್ಯಾದೆ ಇರುವುದಿಲ್ಲ. ಒಂದು ಪುಟ್ಟ ಬಟ್ಟಲು ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಮೊಬೈಲ್ ಬೇರೆ ಕೋಣೆಯಲ್ಲಿರಲಿ, ಟಿವಿ ಆರಿರಲಿ. ಇದು ಶಿಸ್ತಿಗಾಗಿ ಹೇಳುವ ಮಾತಲ್ಲ. ಕಣ್ಣು ಪರದೆಯ ಮೇಲಿದ್ದರೆ ಹೊಟ್ಟೆ ಕೊಡುವ ಸೂಚನೆ ನಿನಗೆ ತಿಳಿಯುವುದಿಲ್ಲ.

ಆ ಸೂಚನೆಯೂ ಹಳೆಯದರಂತಿಲ್ಲ. ಮೊದಲು ನಿನಗೆ ಹೊಟ್ಟೆ ತುಂಬುವುದೆಂದರೆ ಸೊಂಟದ ಪಟ್ಟಿ ಬಿಗಿಯಾಗುವುದು. ಈಗ ಬಹಳ ಮುಂಚೆಯೇ, ಬಹಳ ಮೆತ್ತಗೆ ತಿಳಿಯುತ್ತದೆ. ಕೆಲವರಿಗೆ ಒಂದು ಬಿಕ್ಕಳಿಕೆ, ಕೆಲವರಿಗೆ ಸೀನು, ಇನ್ನು ಕೆಲವರಿಗೆ ಇದ್ದಕ್ಕಿದ್ದಂತೆ ಮೂಗಿನಲ್ಲಿ ನೀರು. ಎದೆಮೂಳೆಯ ಕೆಳಗೆ ಸಣ್ಣ ಒತ್ತಡ, ಅಥವಾ ತಾನಾಗಿ ಬರುವ ಒಂದು ದೀರ್ಘ ಉಸಿರು. ವಾರ್ಡಿನಲ್ಲಿ ಇದನ್ನು ಹೇಳಿದಾಗ ಜನ ನಂಬುತ್ತಿರಲಿಲ್ಲ, ಮನೆಗೆ ಹೋಗಿ ಗಮನಿಸಿದ ಮೇಲೆ ಬಂದು ಹೇಳುತ್ತಿದ್ದರು. ನಿನ್ನ ಸೂಚನೆ ಯಾವುದು ಎಂದು ಈ ತಿಂಗಳಲ್ಲೇ ಕಂಡುಕೊ. ಅದು ಬಂದ ಮೇಲೆ ಒಂದೇ ತುತ್ತು ಉಳಿದಿದ್ದರೂ ಬಿಟ್ಟು ಏಳು. ಅನ್ನ ಚೆಲ್ಲಬಾರದು ಎಂಬ ಮಾತು ನಮ್ಮ ಮೈಯಲ್ಲಿ ಹೊಕ್ಕಿದೆ, ಅದು ಒಳ್ಳೆಯ ಮಾತೇ. ಅದನ್ನು ಬಡಿಸಿಕೊಳ್ಳುವಾಗ ಪಾಲಿಸು. ಬಡಿಸಿದ್ದು ಹೆಚ್ಚಾದರೆ ಡಬ್ಬಿಗೆ ಹಾಕು. ನಿನ್ನ ಹೊಟ್ಟೆಯನ್ನು ಡಬ್ಬಿ ಮಾಡಬೇಡ.

ಊಟದ ಜೊತೆ ನೀರು ಬೇಡ, ಊಟವಾದ ಅರ್ಧ ಗಂಟೆಯವರೆಗೂ ಬೇಡ. ನಮ್ಮವರಿಗೆ ಇದು ಕಷ್ಟ ಎಂದು ಬಲ್ಲೆ, ಏಕೆಂದರೆ ನೀರಷ್ಟೇ ಅಲ್ಲ, ತೆಳು ಸಾರೂ ಇದರಲ್ಲಿ ಸೇರಿತು. ಅನ್ನಕ್ಕೆ ಸಾರು ಸುರಿದು ಕಲಸಿ ತಿಂದರೆ ಚೀಲದಲ್ಲಿ ನಿಲ್ಲಬೇಕಾದದ್ದು ತೊಳೆದುಕೊಂಡು ಹೋಗುತ್ತದೆ. ಆಗ ಹೆಚ್ಚು ತಿನ್ನಲೂ ಆಗುತ್ತದೆ, ಬೇಗ ಹಸಿವೂ ಆಗುತ್ತದೆ. ಗಟ್ಟಿ ಬೇಳೆ, ಸೊಪ್ಪಿನ ಹುಳಿ ಹಾಕಿಕೊ. ಕೊನೆಯ ಮಜ್ಜಿಗೆಯನ್ನು ಒಂದು ಗಂಟೆ ಮುಂದೂಡು. ಉಳಿದ ಹೊತ್ತಿನಲ್ಲಿ ಗುಟುಕು ಗುಟುಕಾಗಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು ಹೋಗಲೇಬೇಕು. ಶಿವರಾತ್ರಿಗೆ ನೀರೂ ಬಿಟ್ಟು ಉಪವಾಸ ಮಾಡುವ ಯೋಚನೆ ಇದ್ದರೆ ಈಗಲೇ ಕೈಬಿಡು. ದೇವರು ನಿನ್ನ ಮೇಲೆ ಸಿಟ್ಟಾಗುವುದಿಲ್ಲ.

ತಟ್ಟೆಯಲ್ಲಿ ಮೊದಲು ಕೈ ಹೋಗಬೇಕಾದದ್ದು ಪ್ರೋಟೀನಿಗೆ. ನಿನಗೆ ದಿನಕ್ಕೆ 60ರಿಂದ 80 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಆರು ಗ್ರಾಂ, 50 ಗ್ರಾಂ ಪನೀರಿನಲ್ಲಿ ಸುಮಾರು ಒಂಬತ್ತು. ಲೆಕ್ಕ ಹಾಕಿದರೆ ಅನ್ನಕ್ಕೆ ಜಾಗ ಎಷ್ಟು ಕಡಿಮೆ ಎಂದು ತಾನೇ ತಿಳಿಯುತ್ತದೆ. ಊಟದಲ್ಲಿ ಆಗದಿದ್ದರೆ ಆಸ್ಪತ್ರೆಯವರು ಹೇಳಿದ ಪ್ರೋಟೀನ್ ಪುಡಿಯನ್ನು ಬಿಡಬೇಡ. ಮೀನು ಮತ್ತು ಚೆನ್ನಾಗಿ ಬೆಂದ ಕೈಮಾ ಸುಲಭವಾಗಿ ಇಳಿಯುತ್ತವೆ. ನಾಟಿ ಕೋಳಿಯ ಗಟ್ಟಿ ತುಂಡುಗಳು, ನಾರು ನಾರಾದ ಮಟನ್ ಇನ್ನೂ ಕೆಲವು ತಿಂಗಳು ಕಾಯಲಿ. ತಲೆ ಬಾಚಿದಾಗ ಕೂದಲು ಕೈಗೆ ಬರುತ್ತಿದೆ ಎಂದು ನಿನ್ನ ಅಮ್ಮ ಗಾಬರಿಯಾಗಿದ್ದಾಳೆ. ಮೂರು ನಾಲ್ಕು ತಿಂಗಳಿಗೆ ಅದು ಬಹಳ ಜನರಿಗೆ ಆಗುತ್ತದೆ, ಮತ್ತೆ ಬೆಳೆಯುತ್ತದೆ. ಪ್ರೋಟೀನ್, ಕಬ್ಬಿಣಾಂಶ ಕಡಿಮೆಯಾದರೆ ಅದು ನಿಲ್ಲದೆ ಮುಂದುವರಿಯಬಹುದು.

ಸಿಹಿಯ ವಿಷಯದಲ್ಲಿ ಒಂದಿಷ್ಟೂ ಸಡಿಲ ಬಿಡಲಾರೆ. ಸಕ್ಕರೆ ನಿನ್ನ ಚೀಲದಿಂದ ನೇರವಾಗಿ ಕರುಳಿಗೆ ಸುರಿಯುತ್ತದೆ, ಕರುಳು ಮೈಯ ನೀರನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆ ನುಲಿತ, ಭೇದಿ. ಇನ್ನು ಕೆಲವರಿಗೆ ಒಂದರಿಂದ ಮೂರು ಗಂಟೆಗಳ ನಂತರ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುತ್ತವೆ, ಕಣ್ಣು ಕತ್ತಲೆ ಬರುತ್ತದೆ. ಗಾಡಿ ಓಡಿಸುವವನು ನೀನು, ಯೋಚಿಸು. "ಬೆಲ್ಲ ತಾನೇ, ಏನೂ ಆಗುವುದಿಲ್ಲ" ಎಂದು ಒಬ್ಬಟ್ಟು ಕೊಡುವವರು, ಆಲೆಮನೆಯ ಹತ್ತಿರ ಕಬ್ಬಿನ ಹಾಲು ಹಿಡಿದು ನಿಲ್ಲುವವರು ನಮ್ಮೂರಿನಲ್ಲಿ ಬಹಳ. ಕರುಳಿಗೆ ಬೆಲ್ಲ ಸಕ್ಕರೆ ಎಂಬ ಭೇದವಿಲ್ಲ.

ಇದಕ್ಕಿಂತ ನಾನು ಹೆಚ್ಚು ಹೆದರುವುದು ಬಾಯಾಡಿಸುವ ಚಟಕ್ಕೆ. ಮಟನ್ ಸಿಕ್ಕಿಕೊಂಡಂತೆ ಚಕ್ಕುಲಿ, ಚಿಪ್ಸ್, ಬಿಸ್ಕತ್ತು, ಖಾರದ ಕಡಲೆಬೀಜ ಸಿಕ್ಕಿಕೊಳ್ಳುವುದಿಲ್ಲ. ಬಾಯಲ್ಲೇ ಪುಡಿಯಾಗಿ ಸರಾಗವಾಗಿ ಇಳಿಯುತ್ತವೆ, ಯಾವ ಸೂಚನೆಯನ್ನೂ ಕೊಡುವುದಿಲ್ಲ. ಕಳೆದುಕೊಂಡ ತೂಕ ಮರಳಿ ಬಂದವರಲ್ಲಿ ಬಹಳ ಮಂದಿ ದೊಡ್ಡ ಊಟ ಮಾಡಿದವರಲ್ಲ, ದಿನವಿಡೀ ಚೂರು ಚೂರು ತಿಂದವರು. ನಿನ್ನ ರಾತ್ರಿ ಪಾಳಿಯ ಕೆಲಸ ಬೇರೆ. ಅಮೆರಿಕದವರ ಜೊತೆ ಹನ್ನೊಂದು ಗಂಟೆಗೆ ಮೀಟಿಂಗ್ ಮುಗಿಸಿ, ಮೇಲಧಿಕಾರಿಯ ಮಾತಿಗೆ ಮನಸ್ಸು ಕೆಟ್ಟು, ಆ ಹೊತ್ತಿನಲ್ಲಿ ನೀನು ಡಬ್ಬಿ ತೆರೆಯುತ್ತಿದ್ದೆ. ಹೊಟ್ಟೆ ಚಿಕ್ಕದಾಯಿತು, ಆ ಸಂಕಟ ಚಿಕ್ಕದಾಗಿಲ್ಲ. ಕೈ ಡಬ್ಬಿಯ ಕಡೆ ಹೋದಾಗ ಕೇಳಿಕೊ: ಈಗ ಸಪ್ಪೆ ಇಡ್ಲಿ, ಬೇಯಿಸಿದ ಮೊಟ್ಟೆ ಕೊಟ್ಟರೆ ತಿನ್ನುತ್ತೇನೆಯೇ? ತಿನ್ನುವುದಾದರೆ ಅದು ಹಸಿವು. ಚಕ್ಕುಲಿಯೇ ಬೇಕೆನಿಸಿದರೆ ನಿನಗೆ ಬೇಕಾಗಿರುವುದು ಬೇರೆ ಏನೋ. ಮಹಡಿಯ ಮೇಲೆ ಹತ್ತು ನಿಮಿಷ ನಡೆ, ನನಗೆ ಫೋನ್ ಮಾಡು, ನಾನು ಎಚ್ಚರವಾಗಿಯೇ ಇರುತ್ತೇನೆ. ಊಟ ಕಳೆದುಕೊಂಡ ದುಃಖ ಎಂಬುದೂ ಒಂದಿದೆ ಪುಟ್ಟ. ಅದು ಭಾರವಾದರೆ ಆಪ್ತ ಸಮಾಲೋಚಕರ ಹತ್ತಿರ ಹೋಗಲು ಸಂಕೋಚಪಡಬೇಡ.

ಗೆಳೆಯರ ಜೊತೆ ಕುಡಿಯುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದೀಯೆ, ಗೊತ್ತಿದೆ. ಬೈಪಾಸ್ ಆದವರಿಗೆ ಮದ್ಯ ಬಹಳ ಬೇಗ ರಕ್ತಕ್ಕೆ ಏರುತ್ತದೆ, ಚಟವಾಗುವ ಅಪಾಯವೂ ಹೆಚ್ಚು. ಬಿಟ್ಟುಬಿಡು. ತಲೆನೋವಿಗೆಂದು ಅಂಗಡಿಯಿಂದ ಐಬುಪ್ರೊಫೇನ್ ತಂದು ನುಂಗಬೇಡ, ಜೋಡಣೆಯ ಜಾಗದಲ್ಲಿ ಹುಣ್ಣಾಗುತ್ತದೆ.

ಇನ್ನು ಬೀಗರೂಟದ ಮಾತು. ಮುಂದಿನ ತಿಂಗಳು ನೀನು ಬರುತ್ತೀಯೆ, ನೂರು ಜನರ ಕಣ್ಣು ನಿನ್ನ ಎಲೆಯ ಮೇಲಿರುತ್ತದೆ. "ಇಷ್ಟೇನಾ?" ಎನ್ನುತ್ತಾರೆ. "ಕೊಯ್ಸಿಕೊಂಡು ತೂಕ ಇಳಿಸಿದ್ದಾನೆ" ಎಂದು ಹಿಂದಿನಿಂದಲೂ ಅನ್ನುತ್ತಾರೆ. ನೀನು ಎಷ್ಟು ವರ್ಷ ಪಥ್ಯ ಮಾಡಿ, ನಡೆದು, ಇಳಿಸಿ, ಮತ್ತೆ ಏರಿ ನೊಂದಿದ್ದೀಯೆ ಎಂದು ಅವರಿಗೆ ತಿಳಿಯದು. ಉತ್ತರ ಕೊಡುವ ಹೊಣೆ ನಿನ್ನದಲ್ಲ. ಮನೆಯಿಂದಲೇ ಮೊಟ್ಟೆಯೋ ಮೀನೋ ತಿಂದು ಹೊರಡೋಣ. ಪಂಕ್ತಿಯಲ್ಲಿ ನನ್ನ ಪಕ್ಕ ಕೂರು, ಬಡಿಸುವವರಿಗೆ ನಾನೇ ಕೈ ಅಡ್ಡ ಇಡುತ್ತೇನೆ. ನಿನ್ನ ಅಮ್ಮನಿಗೆ ಮಾತ್ರ ಹಾಗೆ ಕೈ ಅಡ್ಡ ಇಡಬೇಡ. ಬಡಿಸುವುದನ್ನು ಬಿಟ್ಟರೆ ಪ್ರೀತಿ ತೋರಿಸಲು ಅವಳಿಗೆ ಬೇರೆ ದಾರಿ ತಿಳಿಯದು. "ಅಮ್ಮ, ಇದನ್ನು ಎತ್ತಿಡು, ಸಂಜೆ ತಿನ್ನುತ್ತೇನೆ" ಎನ್ನು. ಸಂಜೆ ಎರಡು ತುತ್ತು ಅವಳ ಎದುರಿಗೇ ಕೂತು ತಿನ್ನು. ಅವಳಿಗೆ ನಾನೂ ಹೇಳಿದ್ದೇನೆ, ಕಲಿಯುತ್ತಿದ್ದಾಳೆ.

ಮಾತ್ರೆಗಳು ಜೀವನಪೂರ್ತಿ. ಕಬ್ಬಿಣಾಂಶ ಹೀರುವ ಕರುಳಿನ ಮೊದಲ ಭಾಗವನ್ನು ಈಗ ಆಹಾರ ಮುಟ್ಟುವುದೇ ಇಲ್ಲ. ಬಿ12 ಎಂಬ ಜೀವಸತ್ವವನ್ನು ಹೀರಿಕೊಳ್ಳಲು ಬೇಕಾದ ಜಠರದ ಸ್ರಾವ ಅನ್ನದ ಜೊತೆ ಸರಿಯಾಗಿ ಸೇರುವುದಿಲ್ಲ. ಯಕೃತ್ತಿನಲ್ಲಿ ಬಿ12 ದಾಸ್ತಾನು ಇರುವುದರಿಂದ ಮಾತ್ರೆ ಬಿಟ್ಟವರಿಗೆ ಒಂದೆರಡು ವರ್ಷ ಏನೂ ಅನ್ನಿಸುವುದಿಲ್ಲ, ಆಮೇಲೆ ಪಾದ ಜೋಮು ಹಿಡಿಯುತ್ತದೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಡುವೆ ಎರಡು ಗಂಟೆ ಅಂತರವಿರಲಿ. ಕಾಫಿಯನ್ನು ಕಬ್ಬಿಣದ ಮಾತ್ರೆಯಿಂದ ದೂರವಿಡು.

ಒಂದೆರಡು ದಿನ ಬಿಡದೆ ವಾಂತಿಯಾದರೆ ಮನೆಯಲ್ಲಿ ಕಷಾಯ ಕುಡಿಯುತ್ತ ಕೂರಬೇಡ. ಬಿ1 ಎಂಬ ಥಯಾಮಿನ್ ಮೈಯಲ್ಲಿ ಕೆಲವೇ ವಾರಗಳಿಗೆ ಸಾಲುವಷ್ಟು ಇರುತ್ತದೆ. ಅದು ಬರಿದಾದರೆ ನಡಿಗೆ ತಪ್ಪುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮನಸ್ಸು ಗೊಂದಲಕ್ಕೆ ಬೀಳುತ್ತದೆ. ತಡಮಾಡಿದರೆ ಆ ನಷ್ಟ ಪೂರ್ತಿ ಮರಳದೆಯೂ ಇರಬಹುದು. ನೇರವಾಗಿ ಆಸ್ಪತ್ರೆಗೆ ಹೋಗಿ, ಬೈಪಾಸ್ ಆಗಿದೆ ಎಂದು ಮೊದಲ ಮಾತಿನಲ್ಲೇ ಹೇಳು.

ಮೂರು ತಿಂಗಳ ರಕ್ತ ಪರೀಕ್ಷೆ ಇನ್ನೂ ಮಾಡಿಸಿಲ್ಲ ಎಂದು ಕೇಳಿದೆ. ಈ ವಾರವೇ ಮಾಡಿಸು. ಬರುವಾಗ ವರದಿಯನ್ನೂ ಮಾತ್ರೆಗಳ ಡಬ್ಬಿಯನ್ನೂ ತೆಗೆದುಕೊಂಡು ಬಾ, ಇಬ್ಬರೂ ಕೂತು ನೋಡೋಣ.

ನಿನ್ನ
ದೊಡ್ಡಮ್ಮ